ಕಿತ್ತುಹಾಕಿದ ಹಳಿಯ ಮೇಲೆ ಮತ್ತೆ ರೈಲು

ಅಮೆರಿಕದ ಕೊಲೊರಾಡೊ ರಾಜ್ಯದ ಬೆಟ್ಟಗಳಲ್ಲಿ ಒಂದು ಕಾಲಕ್ಕೆ ರಿಯೊ ಗ್ರಾಂಡೆ ಸದರ್ನ್ ಅನ್ನೋ ಪುಟ್ಟ ರೈಲು ಓಡುತ್ತಿತ್ತು. ರಿಜ್‌ವೇ ಊರಿನಿಂದ ಡುರಾಂಗೊ ಊರಿನವರೆಗೆ 162 ಮೈಲಿ, ಅಂದರೆ ಸುಮಾರು 260 ಕಿಲೋಮೀಟರ್ ದಾರಿ. ಎರಡು ಹಳಿಗಳ ನಡುವೆ ಬರೀ ಮೂರಡಿ. ನಮ್ಮ ಹಿರಿಯರು ಓಡಾಡಿದ ಮೀಟರ್ ಗೇಜ್‌ಗಿಂತ ತುಸು ಕಿರಿದು. 1950ರ ದಶಕದ ಆರಂಭದಲ್ಲಿ ಲೈನ್ ಮುಚ್ಚಿ, ಹಳಿ ಕಿತ್ತು ಗುಜರಿಗೆ ಹಾಕಿದರು.

ಆ ರೈಲನ್ನು ನಾವು ಕೆಲವರು ಸೇರಿ ಒಂದು ಹಳೇ ಲ್ಯಾಪ್‌ಟಾಪಿನಲ್ಲಿ ಮತ್ತೆ ಓಡಿಸಲು ಕೂತಿದ್ದೇವೆ. ಟ್ರೈನ್ ಸಿಮ್ಯುಲೇಟರ್ ಅಂದರೆ ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟ. ಆದರೆ ಹಳಿ, ಸೇತುವೆ, ಸ್ಟೇಷನ್ ಎಲ್ಲವನ್ನೂ ನಾವೇ ಕಟ್ಟಿಕೊಳ್ಳಬಹುದು. ಓಪನ್ ರೈಲ್ಸ್ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಕಟ್ಟಲು ಹೋದಾಗಲೇ ಗೊತ್ತಾಗಿದ್ದು, ಇತಿಹಾಸದ ಪುಸ್ತಕದಲ್ಲಿ 'ಲೈನ್ ಹಾಕಿದರು' ಅಂತ ಒಂದು ಸಾಲಿನಲ್ಲಿ ಮುಗಿಯುವ ಮಾತು ಇಲ್ಲಿ ಮುಗಿಯುವುದಿಲ್ಲ ಅಂತ. ಎಂಜಿನ್ನಿಗೆ ನೀರು ಎಲ್ಲಿ ತುಂಬಿಸುತ್ತಿದ್ದರು? ಗೋದಾಮಿನ ಬಾಗಿಲು ಯಾವ ಕಡೆಗಿತ್ತು? ಉತ್ತರ ಇಲ್ಲದೆ ಒಂದು ಫರ್ಲಾಂಗೂ ಮುಂದೆ ಹೋಗಲು ಆಗುವುದಿಲ್ಲ.

ಇಂಥ ಪ್ರಶ್ನೆಗಳಿಗೆ ಉತ್ತರ ಸಿಗುವುದು ಒಂದು ಹಳೇ ದುಡ್ಡಿನ ಜಗಳದಿಂದ. ರೈಲು ಕಂಪನಿಗಳು ಮನಸ್ಸಿಗೆ ಬಂದಂತೆ ಬಾಡಿಗೆ ಹಾಕುತ್ತಿವೆ ಅನ್ನುವ ದೂರು ಅಲ್ಲಿ ಬಹಳ ಕಾಲದಿಂದ ಇತ್ತು. ಕಂಪನಿಗಳ ಆಸ್ತಿಯ ನಿಜವಾದ ಬೆಲೆ ಎಷ್ಟು ಅಂತ ತಿಳಿದರೆ ತಾನೇ ನ್ಯಾಯವಾದ ದರ ಕಟ್ಟಲು ಆಗುವುದು? ಅದಕ್ಕೆ 1913ರಲ್ಲಿ ಕಾನೂನು ಬಂತು. ದೇಶದ ಲೈನುಗಳನ್ನೆಲ್ಲ ಅಳೆದರು. ಸೇತುವೆ, ನೀರಿನ ಟ್ಯಾಂಕು, ಶೆಡ್ಡು, ಕಂಪನಿಯ ಜಾಗದ ಗಡಿ, ಎಲ್ಲವೂ ನಕ್ಷೆಗೂ ಪಟ್ಟಿಗೂ ಸೇರಿದವು. ಆ ದಾಖಲೆಗಳ ದೊಡ್ಡ ರಾಶಿ ಈಗ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಸತ್ತುಹೋದ ಲೈನುಗಳನ್ನು ಕಟ್ಟುವ ಹವ್ಯಾಸಿಗಳಿಗೆ ಅದೇ ಪಂಚಾಂಗ. ಅಳೆದವರಿಗೆ ಬೇಕಿದ್ದದ್ದು ಬೆಲೆ. ನೆನಪು ಉಳಿಸುವ ಉದ್ದೇಶ ಅವರಿಗೆ ಇರಲಿಲ್ಲ.

ನೆಲದ ಏರಿಳಿತ ಸುಲಭ. ಸರ್ಕಾರಿ ಸರ್ವೇಕ್ಷಣೆಯ ಎತ್ತರದ ಅಂಕಿಗಳನ್ನು ತುಂಬಿಸಿದರೆ ಬೆಟ್ಟ ತಾನಾಗಿ ಏಳುತ್ತದೆ. ಅದು ಖಾಲಿ ಬೆಟ್ಟ, ಯಾರೂ ಇಲ್ಲದ ನೆಲ. ಇಲ್ಲಿ ನಮಗೆ ಸ್ವಲ್ಪ ಕಸಿವಿಸಿ ಆಯಿತು. ಯಾಕೆಂದರೆ ಈ ಸ್ಯಾನ್ ವಾನ್ ಬೆಟ್ಟಗಳು ಯೂಟ್ ಜನರ ನೆಲ. ಚಿನ್ನ ಬೆಳ್ಳಿಯ ಆಸೆಗೆ ಬಂದವರಿಗಾಗಿ 1873ರ ಬ್ರೂನೊ ಒಪ್ಪಂದದಲ್ಲಿ ಅದನ್ನು ಅವರಿಂದ ಬಿಡಿಸಿಕೊಂಡರು. ಆ ಮಾತುಕತೆಯಲ್ಲಿ ಯೂಟ್ ಭಾಷೆ ಬಲ್ಲ ಆಟೊ ಮಿಯರ್ಸ್ ಎಂಬ ವ್ಯಾಪಾರಿಯೂ ಇದ್ದ. 1881ರಲ್ಲಿ ರಿಜ್‌ವೇ ಕಡೆಯ ಕಣಿವೆಯ ಯೂಟರನ್ನು ಯೂಟಾ ಪ್ರಾಂತ್ಯಕ್ಕೆ ಸಾಗಹಾಕಿದರು. ಹತ್ತು ವರ್ಷದಲ್ಲಿ ಅದೇ ಮಿಯರ್ಸ್ ಅಲ್ಲಿ ರೈಲು ಹಾಕಿಸಿದ. ಕಂಪ್ಯೂಟರ್ ಕೊಡುವ ಖಾಲಿ ನೆಲ ನಿಜಕ್ಕೂ ಖಾಲಿ ಮಾಡಿಸಿದ ನೆಲ.

ಕೆಲಸ 1890ರಲ್ಲಿ ಶುರುವಾಗಿ 1891ರ ಡಿಸೆಂಬರಿನಲ್ಲಿ ಮುಗಿಯಿತು. ಓಫಿರ್ ಹತ್ತಿರ ಬೆಟ್ಟ ಎಷ್ಟು ಕಡಿದು ಅಂದರೆ, ಲೈನ್ ಬಂದ ದಿಕ್ಕಿಗೇ ತಿರುಗಿ, ಎತ್ತರದ ಮರದ ಸೇತುವೆಗಳ ಮೇಲೆ ಸುತ್ತು ಹಾಕಿ ಮೇಲಕ್ಕೆ ಹತ್ತಬೇಕು. ನಾವು ಮೊದಲ ಸಲ ಸುತ್ತು ಚಿಕ್ಕದು ಮಾಡಿ ಹಳಿ ಹಾಸಿದೆವು. ಏರು ಜಾಸ್ತಿಯಾಗಿ ಎಂಜಿನ್ ಮುಲುಗುತ್ತಾ ನಿಂತೇಬಿಟ್ಟಿತು. ಕಿತ್ತು ಮತ್ತೆ ಹಾಸಿದ್ದಾಯಿತು. ನಮ್ಮದು ಇಲಿಯ ಒಂದು ಕ್ಲಿಕ್ಕು. ಅಲ್ಲಿ ಕೂಲಿಯವರು ಚಳಿಯಲ್ಲಿ ಬಂಡೆ ಸಿಡಿಸಿದ್ದರು. ಅಲ್ಲಿಂದ ಮುಂದೆ ಹತ್ತು ಸಾವಿರ ಅಡಿಗೂ ಎತ್ತರದ ಲಿಜರ್ಡ್ ಹೆಡ್ ಕಣಿವೆದಾರಿ, ಆಮೇಲೆ ರೀಕೊ ಎಂಬ ಗಣಿ ಊರು.

ಲೈನಿಗೆ ಎರಡು ವರ್ಷ ತುಂಬುವ ಮೊದಲೇ ಏಟು ಬಿತ್ತು. ಅಮೆರಿಕ ಸರ್ಕಾರ ತಿಂಗಳು ತಿಂಗಳು ಬೆಳ್ಳಿ ಕೊಳ್ಳುತ್ತಿತ್ತು. 1893ರಲ್ಲಿ ಬೆಳ್ಳಿಯ ಬೆಲೆ ಕುಸಿಯಿತು, ಆ ಕಾನೂನನ್ನೂ ರದ್ದು ಮಾಡಿದರು. ಗಣಿಗಳು ಮುಚ್ಚಿದವು, ಕಂಪನಿ ಕೋರ್ಟಿನ ಉಸ್ತುವಾರಿಗೆ ಹೋಯಿತು. ಆದರೂ ಅದಿರು, ಮರ, ದನ ಕುರಿ ಸಾಗಿಸುತ್ತಾ ಇನ್ನೂ ಅರ್ಧ ಶತಮಾನ ಎಳೆಯಿತು.

ನಮಗೆ ಬಹಳ ಇಷ್ಟವಾದದ್ದು 1931ರ ಕತೆ. ಆಗ ಮಹಾ ಆರ್ಥಿಕ ಕುಸಿತ. ಉಗಿ ಎಂಜಿನ್ ಓಡಿಸಿದರೆ ಕಲ್ಲಿದ್ದಲಿನ ಕಾಸೂ ಹುಟ್ಟದು. ನಿಲ್ಲಿಸಿದರೆ ಟಪಾಲು ಸಾಗಿಸುವ ಗುತ್ತಿಗೆ ಹೋಗುತ್ತದೆ, ಬೆಟ್ಟದ ಊರುಗಳಿಗೆ ಕಾಗದವೂ ಇಲ್ಲ, ಸಾಮಾನೂ ಇಲ್ಲ. ವರ್ಕ್‌ಶಾಪಿನವರು ಹಳೇ ಬ್ಯೂಯಿಕ್ ಕಾರೊಂದನ್ನು ಬಿಚ್ಚಿ, ರೈಲು ಚಕ್ರ ಕೂರಿಸಿ, ಹಿಂದೆ ಸಾಮಾನಿನ ಪೆಟ್ಟಿಗೆ ಸೇರಿಸಿದರು. ಆಮೇಲಿನವುಗಳಲ್ಲಿ ಹೆಚ್ಚಿನವಕ್ಕೆ ಪಿಯರ್ಸ್ ಆರೋ ಕಾರುಗಳನ್ನು ಬಳಸಿದರು. ಹೀಗೆ ಆ ಲೈನಿಗೆ ಏಳು ಗಾಡಿ ಆದವು. ಹೊಯ್ದಾಡುತ್ತಾ ಬರುವುದು ನೋಡಿ ಜನ ಇಟ್ಟ ಹೆಸರು ಗ್ಯಾಲಪಿಂಗ್ ಗೂಸ್, ದೌಡಾಯಿಸುವ ಹೆಬ್ಬಾತು. ನಮ್ಮೂರ ಗ್ಯಾರೇಜಿನವರು ನೋಡಿದ್ದರೆ ಮೆಚ್ಚಿ ತಲೆದೂಗುತ್ತಿದ್ದರು. ಗಾಡಿಗೆ ಒಬ್ಬನೇ ಡ್ರೈವರ್ ಸಾಕು. ಉಗಿ ರೈಲಿನಲ್ಲಿ ಕಲ್ಲಿದ್ದಲು ಹಾಕುವವನು, ಗಾರ್ಡು, ಬ್ರೇಕಿನವನು ಅಂತ ಒಂದು ತಂಡವೇ ಇರುತ್ತಿತ್ತು. ಸಿಮ್ಯುಲೇಟರಿನಲ್ಲಿ ಹೆಬ್ಬಾತು ಓಡಿಸುವುದು ಭಾರೀ ಮೋಜು, ಆದರೆ ಅದು ಬಂದಾಗ ಮನೆಗೆ ಹೋದವರು ಪರದೆಯ ಮೇಲೆ ಕಾಣುವುದಿಲ್ಲ.

ಐದನೇ ನಂಬರಿನ ಗೂಸ್ ದುರಸ್ತಿಯಾಗಿ ಡೊಲೊರೆಸ್ ಊರಿನಲ್ಲಿದೆ. ಸ್ವಂತ ಲೈನ್ ಇಲ್ಲ, ಆಗಾಗ ಬೇರೆ ಲೈನುಗಳ ಮೇಲೆ ಓಡಿಸುತ್ತಾರೆ.

ನಮ್ಮ ಬರಿ ಹಳಿಯೂ ಸದ್ಯ ಡೊಲೊರೆಸ್‌ವರೆಗೆ ಬಂದಿದೆ. ಅಲ್ಲಿ ಹೊಸ ತೊಡಕು. ಮುಂದೆ ಮೆಕ್‌ಫೀ ಅಂತ ಒಂದು ಊರಿತ್ತು, ದೊಡ್ಡ ಮರದ ಮಿಲ್ಲು, ಕೆಲಸಗಾರರ ಮನೆಗಳು, ಅಲ್ಲಿಗೊಂದು ಕವಲು ಹಳಿ. ಅಣೆಕಟ್ಟು ಕಟ್ಟಿದ ಮೇಲೆ ಅದು ಮುಳುಗಡೆಯಾಯಿತು. ಜಲಾಶಯಕ್ಕೆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಇಂದಿನ ಎತ್ತರದ ಅಂಕಿಯಲ್ಲಿ ಅಲ್ಲಿ ಕಾಣುವುದು ನೀರಿನ ಸಮತಟ್ಟು ಮಾತ್ರ. ಹಾಗಾಗಿ ಅಣೆಕಟ್ಟಿಗಿಂತ ಹಳೆಯ ನಕ್ಷೆಯ ಗೆರೆ ನೋಡಿಕೊಂಡು ನೆಲವನ್ನು ಕೈಯಾರೆ ತಗ್ಗಿಸುತ್ತಾ ಕೂತಿದ್ದೇವೆ. ನದಿಯ ಪಾತ್ರ ಮೂಡಿದೆ. ಮನೆಗಳನ್ನು ಎಲ್ಲಿಡಬೇಕು ಅನ್ನುವುದಕ್ಕೆ ಇನ್ನೂ ಫೋಟೊ ಹುಡುಕುತ್ತಿದ್ದೇವೆ.