ಜಿಪ್ಸಂ: ನೀರು ಬಿಡುವ ಮತ್ತು ಮರಳಿ ಪಡೆಯುವ ರೂಪಗಳು

ಹನೂರು ತಾಲ್ಲೂಕಿನ ಬಂಡಳ್ಳಿ ಸುತ್ತಿನ ಜಮೀನುಗಳಿಗೆ ಜಿಪ್ಸಂ ಕೋರಿ ಅರ್ಜಿ ಸಲ್ಲಿಸುವ ರೈತ ಬಾಂಧವರು ಅದರ ರೂಪಾಂತರಗಳನ್ನು ಅರಿತಿರುವುದು ಸೂಕ್ತ.

ಕ್ಯಾಲ್ಸಿಯಂ ಸಲ್ಫೇಟಿನೊಡನೆ ಎರಡು ಅಣು ನೀರು ಕೂಡಿರುವ ಖನಿಜವೇ ಜಿಪ್ಸಂ. ಶುದ್ಧ ಜಿಪ್ಸಂನ ತೂಕದಲ್ಲಿ ಸುಮಾರು ಶೇ. 21ರಷ್ಟು ನೀರೇ ಇರುತ್ತದೆ. ಇದನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಮುಕ್ಕಾಲು ಪಾಲು ನೀರು ಹೋಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ದೊರೆಯುತ್ತದೆ. ಅದಕ್ಕೆ ನೀರು ಬೆರೆಸಿದರೆ ಬಿಸಿಯೇರಿ, ಸೂಜಿಯಂಥ ಹರಳುಗಳು ಹೆಣೆದುಕೊಂಡು, ಮರಳಿ ಜಿಪ್ಸಂ ಆಗಿ ಗಟ್ಟಿಯಾಗುತ್ತದೆ. ಇನ್ನೂ ಹೆಚ್ಚು ಸುಟ್ಟಾಗ ನೀರೆಲ್ಲ ಹೋಗಿ ಉಳಿಯುವ ಅನ್‌ಹೈಡ್ರೈಟ್ ಬಹು ನಿಧಾನವಾಗಿ ಮಾತ್ರ ನೀರು ಹೀರುತ್ತದೆ.

ಆದ್ದರಿಂದ ಪ್ಲಾಸ್ಟರ್ ಚೀಲಕ್ಕೆ ತೇವ ತಾಗಿದರೆ ಅದು ನಿರುಪಯುಕ್ತ. ಕೃಷಿ ಜಿಪ್ಸಂ ಹಾಗಲ್ಲ. ಅದು ಮೊದಲೇ ನೀರು ಪಡೆದ ರೂಪವಾದುದರಿಂದ ಮಳೆಗೆ ನೆನೆದು ಹೆಂಟೆಗಟ್ಟಿದರೂ ಸತ್ವ ಕೆಡುವುದಿಲ್ಲ. ಒಣಗಿಸಿ ಪುಡಿಮಾಡಿ ಬಳಸಬಹುದು. ಅಂಥ ಚೀಲವನ್ನು ಎಸೆಯುವುದು ವೃಥಾ ನಷ್ಟ. ಆದರೆ ನೆನೆದ ಚೀಲವನ್ನು ತೂಕದ ಮೇಲೆ ಕೊಂಡರೆ ಮೇಲಿನ ತೇವಕ್ಕೂ ಹಣ ತೆತ್ತಂತಾಗುತ್ತದೆ.

ಲೀಟರ್ ನೀರಿನಲ್ಲಿ ಜಿಪ್ಸಂ ಕರಗುವುದು ಕೇವಲ 2 ಗ್ರಾಂನಷ್ಟು. ಚೌಳು ಭೂಮಿಯಲ್ಲಿ ಇದನ್ನು ಮಣ್ಣಿಗೆ ಬೆರೆಸಿ ನೀರು ನಿಲ್ಲಿಸಬೇಕು; ಕ್ಯಾಲ್ಸಿಯಂ ಹೊರದೂಡಿದ ಸೋಡಿಯಂ ಬಸಿಗಾಲುವೆಯಿಂದ ಹರಿದುಹೋಗದಿದ್ದರೆ ಫಲವಿಲ್ಲ. ನೆಲಗಡಲೆಗೆ ಹೆಕ್ಟೇರಿಗೆ 500 ಕಿ.ಗ್ರಾಂ ಶಿಫಾರಸು ಇದೆ. ಬೆಳೆಯುವ ಕಾಯಿ ಮಣ್ಣಿನಿಂದಲೇ ನೇರವಾಗಿ ಕ್ಯಾಲ್ಸಿಯಂ ಹೀರುವ ಕಾರಣ ಗಿಡದ ಬುಡದ ಸುತ್ತ ಹಾಕತಕ್ಕದ್ದು.

ಚೌಳು ಭೂಮಿಗೆ ಬೇಕಾದ ಪ್ರಮಾಣವನ್ನು ಮಣ್ಣು ಪರೀಕ್ಷೆಯಿಂದ ಮಾತ್ರ ನಿರ್ಧರಿಸಲು ಸಾಧ್ಯವಿರುವುದರಿಂದ, ಪರೀಕ್ಷಾ ವರದಿ ಹಾಗೂ ಪಹಣಿಯೊಂದಿಗೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸುವುದು.