ಬೆಳ್ಳೆಯ ಸೊಸೆ, ರಾಜ್ಯಸಭೆಯ ಪೀಠ

ಉಡುಪಿ ಸೀಮೆಯ ಕ್ರೈಸ್ತ ರಾಜಕಾರಣಿಗಳೆಂದರೆ ಥಟ್ಟನೆ ನೆನಪಾಗುವವರು ಕೆಥೊಲಿಕರು. 1967ರಲ್ಲಿ ಸ್ವತಂತ್ರ ಪಕ್ಷದಿಂದ ಉಡುಪಿ ಲೋಕಸಭಾ ಕ್ಷೇತ್ರವನ್ನು ಗೆದ್ದ ಜೆ. ಎಂ. ಲೋಬೊ ಪ್ರಭು, 1980ರಿಂದ 1996ರವರೆಗೆ ಅದೇ ಕ್ಷೇತ್ರದಲ್ಲಿ ಸತತ ಐದು ಬಾರಿ ಆರಿಸಿ ಬಂದ ಆಸ್ಕರ್ ಫೆರ್ನಾಂಡಿಸ್. ಈ ಸಾಲಿನಲ್ಲಿ ಪ್ರಾಟೆಸ್ಟಂಟರ ಹೆಸರು ಹುಡುಕಹೊರಟರೆ ನಿರಾಶೆಯಾಗುತ್ತದೆ.

ಕಾರಣಗಳಿಲ್ಲದಿಲ್ಲ. ಇಲ್ಲಿನ ಪ್ರಾಟೆಸ್ಟಂಟ್ ಸಮುದಾಯ ಬೆಳೆದದ್ದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಆಸರೆಯಲ್ಲಿ. ಕೊಂಕಣಿ ಮಾತಾಡುವ ಕೆಥೊಲಿಕರಿಗೆ ಹೋಲಿಸಿದರೆ ತುಳು, ಕನ್ನಡ ಮಾತಾಡುವ ಈ ಸಮುದಾಯ ತೀರ ಚಿಕ್ಕದು. ಜಾತಿ ಬಿಟ್ಟು ಬಂದವರಿಗೆ ಮಿಷನ್ ಒದಗಿಸಿದ್ದು ಮಗ್ಗ, ಹೆಂಚಿನ ಕಾರ್ಖಾನೆ, ಅಚ್ಚುಕೂಟ, ಶಾಲೆ. 1923ರಲ್ಲಿ ಸ್ವಿಜರ್ಲೆಂಡಿನ ವೈದ್ಯೆ ಡಾ. ಇವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ಇವುಗಳಿಂದ ಊರಿಗೆ ಮೇಷ್ಟ್ರುಗಳು, ದಾದಿಯರು, ಮುದ್ರಣದ ಕಸುಬುದಾರರು ಸಿಕ್ಕರು, ಶಾಸಕರು ಸಿಗಲಿಲ್ಲ. ಸಂಖ್ಯೆಯೊಂದೇ ಅಡ್ಡಿಯಾಗಿತ್ತೆನ್ನಲೂ ಆಗದು. ಸಣ್ಣ ಸಮುದಾಯವೊಂದರಿಂದ ಬಂದ ಕಾರ್ಕಳದ ವೀರಪ್ಪ ಮೊಯಿಲಿ 1992ರಲ್ಲಿ ರಾಜ್ಯದ ಮುಖ್ಯಮಂತ್ರಿಯಾಗಲಿಲ್ಲವೆ?

ಹೀಗಿದ್ದೂ ಪ್ರಾಟೆಸ್ಟಂಟ್ ಪಾದ್ರಿಯೊಬ್ಬರ ಮಗಳು ಈ ಸೀಮೆಯ ಸೊಸೆಯಾಗಿ, ಮೈಸೂರು ರಾಜ್ಯದ ಪ್ರತಿನಿಧಿಯಾಗಿ, ರಾಜ್ಯಸಭೆಯ ಪೀಠದಲ್ಲಿ ಕುಳಿತ ಸಂಗತಿ ಇಲ್ಲಿನವರಿಗೇ ಅಷ್ಟಾಗಿ ನೆನಪಿಲ್ಲ. ಅವರು ವಯಲೆಟ್ ಆಳ್ವ.

1908ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ವಯಲೆಟ್ ಹರಿ ಅವರ ತಂದೆ ರೆವರೆಂಡ್ ಲಕ್ಷ್ಮಣ ಹರಿ, ಚರ್ಚ್ ಆಫ್ ಇಂಗ್ಲೆಂಡಿನ ಮೊದಲ ಭಾರತೀಯ ಪಾದ್ರಿಗಳಲ್ಲಿ ಒಬ್ಬರು. ಹದಿನಾರರ ಹರೆಯದಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗಿಯನ್ನು ಅಣ್ಣ ಅಕ್ಕಂದಿರು ಮುಂಬಯಿಯಲ್ಲಿ ಓದಿಸಿದರು. ಕಾನೂನು ಕಲಿತ ಆಕೆ 1937ರಲ್ಲಿ ಕೈಹಿಡಿದದ್ದು ವಕೀಲ, ಸ್ವಾತಂತ್ರ್ಯ ಹೋರಾಟಗಾರ ಜೋಕಿಂ ಆಳ್ವರನ್ನು. ಜೋಕಿಂ ಹುಟ್ಟಿದೂರು ಉಡುಪಿ ಬಳಿಯ ಬೆಳ್ಳೆ, ಮನೆತನ ಕೆಥೊಲಿಕ್. ಗುಜರಾತಿನ ಆಂಗ್ಲಿಕನ್ ಮನೆಯ ಹೆಣ್ಣು, ತುಳುನಾಡಿನ ಕೆಥೊಲಿಕ್ ಗಂಡು. ಆ ಕಾಲಕ್ಕೆ ಇದು ಸಾಮಾನ್ಯ ಸಂಬಂಧವಲ್ಲ.

1943ರಲ್ಲಿ ಬ್ರಿಟಿಷ್ ಸರಕಾರ ಆಕೆಯನ್ನು ಬಂಧಿಸಿದಾಗ ಕಂಕುಳಲ್ಲಿ ಐದು ತಿಂಗಳ ಕೂಸು. ಮಗುವಿನೊಡನೆಯೇ ಆರ್ಥರ್ ರೋಡ್ ಜೈಲು ಸೇರಿದರು. ದಂಪತಿ 'ಫೋರಂ' ಎಂಬ ವಾರಪತ್ರಿಕೆ ಹೊರಡಿಸಿದ್ದೂ ಅದೇ ವರ್ಷ. ಮರುವರ್ಷ, 1944ರಲ್ಲಿ, ಹೈಕೋರ್ಟಿನ ಪೂರ್ಣಪೀಠದ ಮುಂದೆ ವಾದಿಸಿದ ಭಾರತದ ಮೊದಲ ಮಹಿಳಾ ವಕೀಲೆ ಎಂಬ ಹೆಸರು ಆಕೆಯದಾಯಿತು.

ಸ್ವಾತಂತ್ರ್ಯದ ನಂತರ ಕ್ರೈಸ್ತ ರಾಜಕಾರಣಿಗಳ ದಾರಿ ಬದಲಾದದ್ದನ್ನು ಇಲ್ಲಿ ಗಮನಿಸಬೇಕು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂದು ಸಂವಿಧಾನ ಸಭೆ 1949ರಲ್ಲಿ ತೀರ್ಮಾನಿಸಿತು. ಅದರ ಪರವಾಗಿ ನಿಂತವರಲ್ಲಿ ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಪ್ರಾಟೆಸ್ಟಂಟ್ ಎಚ್. ಸಿ. ಮುಖರ್ಜಿ, ಮಂಗಳೂರು ಮೂಲದ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜ ಇದ್ದರು. ಇನ್ನು ಮುಂದೆ ಕ್ರೈಸ್ತ ಅಭ್ಯರ್ಥಿಗೆ ಪಕ್ಷದ ಬೆಂಬಲ, ಎಲ್ಲರ ಮತ ಎರಡೂ ಬೇಕು. ಜೋಕಿಂ ಆಳ್ವ ತಮ್ಮ ಹುಟ್ಟೂರಿನ ಕಡೆ ನಿಲ್ಲದೆ ಉತ್ತರ ಕನ್ನಡದಿಂದ 1952, 1957, 1962ರಲ್ಲಿ ಲೋಕಸಭೆಗೆ ಗೆದ್ದರು. ವಯಲೆಟ್ 1952ರಲ್ಲಿ ಮುಂಬಯಿ ರಾಜ್ಯದಿಂದ ರಾಜ್ಯಸಭೆಗೆ ಹೋದರು. ಗಂಡ ಒಂದು ಸದನ, ಹೆಂಡತಿ ಇನ್ನೊಂದು. 1957ರಿಂದ 1962ರವರೆಗೆ ಆಕೆ ಕೇಂದ್ರದ ಗೃಹ ಖಾತೆಯ ಉಪಮಂತ್ರಿ. 1960ರಿಂದ ರಾಜ್ಯಸಭೆಯಲ್ಲಿ ಮೈಸೂರಿನ ಪ್ರತಿನಿಧಿ. 1962ರಲ್ಲಿ ಉಪಸಭಾಪತಿಯಾಗಿ ಆರಿಸಿ ಬಂದು ಆ ಪೀಠವೇರಿದ ಮೊದಲ ಮಹಿಳೆಯಾದರು. 1966ರಲ್ಲಿ ಮತ್ತೆ ಅದೇ ಸ್ಥಾನ ಸಿಕ್ಕಿತು.

ಉಪಸಭಾಪತಿ ಎಂದರೆ ಸಭಾಪತಿ ಇಲ್ಲದಾಗ ಕೂರುವವರು, ಅಷ್ಟೇ ಎಂದು ತಿಳಿಯಬಾರದು. ಉಪರಾಷ್ಟ್ರಪತಿಯೇ ರಾಜ್ಯಸಭೆಯ ಸಭಾಪತಿ. ಅವರು ಹಂಗಾಮಿ ರಾಷ್ಟ್ರಪತಿಯಾದರೆ, ಅಥವಾ ಹುದ್ದೆ ತೆರವಾದರೆ, ಸಂವಿಧಾನದ 91ನೆಯ ವಿಧಿಯಂತೆ ಸಭಾಪತಿಯ ಕೆಲಸವೆಲ್ಲ ಉಪಸಭಾಪತಿಯ ಹೆಗಲಿಗೆ. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡು ಉಪರಾಷ್ಟ್ರಪತಿ ವಿ. ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಜುಲೈಯಲ್ಲಿ ಗಿರಿ ಎರಡೂ ಬಿಟ್ಟು ಚುನಾವಣೆಗೆ ನಿಂತರು. ಆಗಸ್ಟ್ ಕೊನೆಯವರೆಗೆ, ಸುಮಾರು ನಾಲ್ಕು ತಿಂಗಳು, ಸಭಾಪತಿಯ ಹೊಣೆ ವಯಲೆಟ್ ಆಳ್ವರದೇ.

ಅಷ್ಟು ಕಾಲ ಕೆಲಸ ಮಾಡಿದವರಿಗೆ ಹುದ್ದೆಯೂ ಸಿಗಬಹುದೆಂಬ ನಿರೀಕ್ಷೆ ಸಹಜ. ಉಪರಾಷ್ಟ್ರಪತಿಯಾದವರು ಮೈಸೂರಿನ ರಾಜ್ಯಪಾಲರಾಗಿದ್ದ ಜಿ. ಎಸ್. ಪಾಠಕ್. ಇಂದಿರಾ ಗಾಂಧಿ ಬೆಂಬಲ ನಿರಾಕರಿಸಿದ್ದರಿಂದಲೇ ಆಕೆ ಉಪಸಭಾಪತಿ ಸ್ಥಾನ ತೊರೆದರೆಂದು ಹೇಳುವುದುಂಟು. ಕಾಂಗ್ರೆಸ್ ಹೋಳಾಗುತ್ತಿದ್ದ ದಿನಗಳವು. ಜಾತಿಬಲವಿಲ್ಲ, ಬೆನ್ನಿಗೆ ಕ್ಷೇತ್ರವಿಲ್ಲ. ಪಕ್ಷದ ವಿಶ್ವಾಸದಿಂದಲೇ ಮೇಲೇರಿದವರಿಗೆ ಆ ವಿಶ್ವಾಸ ಕಡಿದಾಗ ಹಿಡಿದುಕೊಳ್ಳಲು ಬೇರೇನು ಇರುತ್ತದೆ? ನವೆಂಬರ್ 16ರಂದು ಅಧಿಕಾರ ಬಿಟ್ಟರು. ನವೆಂಬರ್ 20ರಂದು ದೆಹಲಿಯ ಮನೆಯಲ್ಲಿ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ವಯಸ್ಸು 61.

ಐದು ವರ್ಷಗಳ ನಂತರ ಸೊಸೆ ಮಾರ್ಗರೆಟ್ ಆಳ್ವ ರಾಜ್ಯಸಭೆಗೆ ಬಂದರು. ಅತ್ತೆಗೆ ದಕ್ಕದ ಉಪರಾಷ್ಟ್ರಪತಿ ಹುದ್ದೆಗೆ 2022ರಲ್ಲಿ ವಿರೋಧ ಪಕ್ಷಗಳು ನಿಲ್ಲಿಸಿದ್ದು ಇದೇ ಸೊಸೆಯನ್ನು. ಜಗದೀಪ್ ಧನಕರ್ ಅವರ 528 ಮತಗಳೆದುರು ಅವರಿಗೆ ಬಿದ್ದದ್ದು 182. ಜೋಕಿಂ, ವಯಲೆಟ್ ಇಬ್ಬರ ನೆನಪಿಗೆ ಅಂಚೆ ಇಲಾಖೆ 2008ರಲ್ಲಿ ಒಂದೇ ಅಂಚೆಚೀಟಿ ಹೊರತಂದಿದೆ.