ನೋವಿನ ತಲೆದೆಸೆಯಲ್ಲಿ ಕೂತವರು

ಆಪರೇಷನ್ನಿನ ಚರಿತ್ರೆ ಹೇಳುವವರು ಒಂದು ತಾರೀಖನ್ನು ತಪ್ಪದೆ ಹೇಳುತ್ತಾರೆ. 1846ನೇ ಇಸವಿ ಅಕ್ಟೋಬರ್ 16. ಊರು ಅಮೆರಿಕದ ಬಾಸ್ಟನ್. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಮಾರ್ಟನ್ ಎಂಬ ಹಲ್ಲಿನ ಡಾಕ್ಟರು ಒಬ್ಬ ರೋಗಿಗೆ ಈಥರ್ ಆವಿ ಎಳೆಸಿ ಜ್ಞಾನ ತಪ್ಪಿಸಿದ. ವಾರೆನ್ ಎಂಬ ಸರ್ಜನ್ ಆ ರೋಗಿಯ ಕುತ್ತಿಗೆಯ ಗಡ್ಡೆ ಕೊಯ್ದ. ರೋಗಿ ಕಿರುಚಲಿಲ್ಲ. ಅಲ್ಲಿಗೆ ಮನುಷ್ಯ ನೋವನ್ನು ಗೆದ್ದ ಅಂತ ಪಾಠ ಮುಗಿಸುತ್ತಾರೆ.

ಯಾವ ಮನುಷ್ಯ? ಯಾರ ನೋವು? ಇದನ್ನು ನಾವು ಕೇಳಲೇಬೇಕು. ಈಥರ್ ಕೊಟ್ಟವನ ಹೆಸರಿದೆ, ಕತ್ತಿ ಹಿಡಿದವನ ಹೆಸರಿದೆ. ರೋಗಿಯ ತಲೆದೆಸೆಯಲ್ಲಿ ಕೂತು ಉಸಿರು ಎಣಿಸಿದವರು ಯಾರು, ರಾತ್ರಿಯೆಲ್ಲಾ ಎದ್ದಿದ್ದು ನೆತ್ತರಿನ ಬಟ್ಟೆ ಬದಲಾಯಿಸಿದವರು ಯಾರು? ಅವರ ಹೆಸರು ಹುಡುಕಿಕೊಂಡು ಹೋದರೆ ಚರಿತ್ರೆ ಬೇರೆಯೇ ಆಗಿ ಕಾಣಿಸುತ್ತದೆ.

ಅದೇ ದೇಶದ ದಕ್ಷಿಣಕ್ಕೆ, ಅದೇ ವರ್ಷಗಳಿಗೆ ಹೋಗೋಣ. ಅಲಬಾಮಾ ರಾಜ್ಯದ ಮಾಂಟ್ಗೊಮೆರಿ ಪಟ್ಟಣ. ಹತ್ತಿ ಬೆಳೆಯುವ ನಾಡು, ಕಪ್ಪು ಜನರನ್ನು ದನದ ಹಾಗೆ ಕೊಂಡು ಮಾರುತ್ತಿದ್ದ ನಾಡು. ಅಲ್ಲಿ ಮೇರಿಯನ್ ಸಿಮ್ಸ್ ಎಂಬ ಬಿಳಿಯ ಡಾಕ್ಟರಿದ್ದ. ದಿನಗಟ್ಟಲೆ ಹೆರಿಗೆ ಆಗದೆ ಒದ್ದಾಡಿದ ಹೆಂಗಸರಿಗೆ ಮೂತ್ರಕೋಶಕ್ಕೂ ಹೆರುವ ದಾರಿಗೂ ನಡುವೆ ತೂತು ಬಿದ್ದು ಹಗಲೂ ರಾತ್ರಿ ಮೂತ್ರ ಸೋರುವ ಕಾಯಿಲೆಯೊಂದು ಬರುತ್ತದೆ. ಫಿಸ್ಟುಲಾ ಅಂತಾರೆ. ಅದಕ್ಕೆ ಆಪರೇಷನ್ ಕಂಡುಹಿಡಿಯಬೇಕು ಅಂತ ಸಿಮ್ಸ್ 1845ರಿಂದ 1849ರವರೆಗೆ ಹತ್ತು ಹನ್ನೆರಡು ಗುಲಾಮ ಹೆಂಗಸರನ್ನು ತನ್ನ ಮನೆಯ ಹಿಂದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡ. ಮೂವರ ಹೆಸರು ಮಾತ್ರ ಉಳಿದಿದೆ. ಅನಾರ್ಕಾ, ಬೆಟ್ಸಿ, ಲೂಸಿ.

ಇವರ ಒಪ್ಪಿಗೆ ಕಾನೂನಿಗೆ ಬೇಕಿರಲಿಲ್ಲ. ಒಡೆಯ ಒಪ್ಪಿದರೆ ಸಾಕಿತ್ತು. ಲೂಸಿಯನ್ನು ಕೈ ಮೊಣಕಾಲೂರಿಸಿ, ಊರಿನ ಡಾಕ್ಟರುಗಳೆಲ್ಲಾ ಸುತ್ತ ನಿಂತು ನೋಡುತ್ತಿರುವಾಗ ಸುಮಾರು ಒಂದು ಗಂಟೆ ಕೊಯ್ದರು. ಅರಿವಳಿಕೆ ಇಲ್ಲ. ಅನಾರ್ಕಾಗೆ ಹೀಗೆ ಮೂವತ್ತು ಸಲ ಆಪರೇಷನ್ ಆಯಿತು. ಮೂವತ್ತನೆಯದು ಗೆದ್ದಿತು. ಸಿಮ್ಸ್ ನ್ಯೂಯಾರ್ಕಿಗೆ ಹೋಗಿ ಹೆಸರುವಾಸಿಯಾದ.

ಒಂದು ಮಾತು ಒಪ್ಪೋಣ. 1845ರಲ್ಲಿ ಈಥರ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಆದರೆ 1846ರ ಮೇಲೆ ಸುದ್ದಿ ಎಲ್ಲಾ ಕಡೆ ಹರಡಿತ್ತು. ಆಮೇಲೂ ಸಿಮ್ಸ್ ಕೊಡಲಿಲ್ಲ. ಈ ಆಪರೇಷನ್ನಿನಲ್ಲಿ ಅರಿವಳಿಕೆಯ ತಾಪತ್ರಯ, ಅಪಾಯ ಮೈಮೇಲೆ ಎಳೆದುಕೊಳ್ಳುವಷ್ಟು ನೋವಿಲ್ಲ ಅಂತ 1857ರಲ್ಲಿ ನ್ಯೂಯಾರ್ಕಿನ ಡಾಕ್ಟರುಗಳ ಸಭೆಯಲ್ಲಿ ಹೇಳಿದ. ಅದೇ ಮನುಷ್ಯ ತನ್ನ ಆತ್ಮಕಥೆಯಲ್ಲಿ ಲೂಸಿ ಪಟ್ಟ ಸಂಕಟ ವಿಪರೀತವಾಗಿತ್ತು ಅಂತಲೂ ಬರೆದುಕೊಂಡಿದ್ದಾನೆ. ಅಂದರೆ ಕಣ್ಣಿಗೆ ಕಂಡಿತ್ತು. ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅಷ್ಟೆ.

ಇನ್ನೊಂದು ಸಂಗತಿಯನ್ನು ಬಹಳ ದಿನ ಯಾರೂ ಎತ್ತಿ ಆಡಲಿಲ್ಲ. ಆಪರೇಷನ್ನುಗಳು ಮತ್ತೆ ಮತ್ತೆ ಸೋತಾಗ ಜೊತೆಗಿದ್ದ ಬಿಳಿಯ ಡಾಕ್ಟರುಗಳು ಬೇಸತ್ತು ಬಿಟ್ಟುಹೋದರು. ಆಗ ಸಿಮ್ಸ್‌ಗೆ ಕೈಯಾಸರೆ ಆದವರು ಇದೇ ಹೆಂಗಸರು. ಒಬ್ಬಳನ್ನು ಕೊಯ್ಯುವಾಗ ಇನ್ನೊಬ್ಬಳು ಹಿಡಿದುಕೊಳ್ಳಬೇಕು, ಆಮೇಲೆ ಆರೈಕೆ ಮಾಡಬೇಕು. ನಾಳೆ ಇವಳ ಸರದಿ, ಅವಳು ಹಿಡಿದುಕೊಳ್ಳಬೇಕು. ಇತಿಹಾಸಕಾರ್ತಿ ಡೀರ್ಡ್ರೆ ಕೂಪರ್ ಓವೆನ್ಸ್ 2017ರ ತಮ್ಮ ಪುಸ್ತಕದಲ್ಲಿ ಇವರನ್ನು ಬರೀ ಬಲಿಪಶುಗಳು ಅಂತ ನೋಡದೆ ಶಸ್ತ್ರಕ್ರಿಯೆಯ ದಾದಿಯರು ಅಂತಲೂ ನೋಡಿದ್ದಾರೆ. ಅದು ನ್ಯಾಯವಾದ ಮಾತು.

ದೂರದೇಶದ ಈ ಕತೆ ನಮಗ್ಯಾಕೆ ಅನ್ನುವವರಿದ್ದಾರೆ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡು ಬಾಯ್ಸ್ ಅವರಿಗೆ ಕಾಗದ ಬರೆದು, ಅಸ್ಪೃಶ್ಯರ ಸ್ಥಿತಿಗೂ ನಿಮ್ಮವರ ಸ್ಥಿತಿಗೂ ಬಹಳ ಹೋಲಿಕೆಯಿದೆ ಎಂದಿದ್ದರು. ಹೋಲಿಕೆ ನೋವಿನ ವಿಷಯದಲ್ಲೂ ಇದೆ. 'ಅವರದ್ದು ಗಟ್ಟಿ ಮೈ ಬಿಡಿ, ಏನೂ ಆಗಲ್ಲ' ಅನ್ನುವ ಮಾತನ್ನು ನಮ್ಮ ಊರುಗಳಲ್ಲಿ ನಾವು ಕೇಳಿಲ್ಲವೇ? ಮಲ ಹೊರಿಸುವವನಿಗೂ, ಕಲ್ಲು ಹೊರಿಸುವವನಿಗೂ, ಹಸಿ ಬಾಣಂತಿಯನ್ನು ಕಳೆ ಕೀಳಲು ಕಳಿಸುವವನಿಗೂ ಈ ಮಾತು ಬೇಕು. ಎದುರಿಗಿರುವವರಿಗೆ ನೋವಾಗಲ್ಲ ಅಂತ ನಂಬಿದರೆ ಕೊಯ್ಯುವ ಕೈ ನಡುಗುವುದಿಲ್ಲ.

ಈಗ ಅರಿವಳಿಕೆಯ ಕಡೆ ಬರೋಣ. ಔಷಧಿ ಸಿಕ್ಕಿತು ಅಂದ ಮಾತ್ರಕ್ಕೆ ರೋಗಿ ಬದುಕಿದ ಅಂತಲ್ಲ. 1848ರ ಜನವರಿಯಲ್ಲಿ ಇಂಗ್ಲೆಂಡಿನ ಹಾನಾ ಗ್ರೀನರ್ ಎಂಬ ಹದಿನೈದರ ಹುಡುಗಿ ಕಾಲುಗುರು ತೆಗೆಸಿಕೊಳ್ಳಲು ಹೋಗಿ ಕ್ಲೋರೋಫಾರ್ಮ್ ಕೊಟ್ಟೊಡನೆ ಸತ್ತುಹೋದಳು. ಅಂಥ ಸಾವುಗಳು ಮುಂದೆಯೂ ಆದವು. ಯಾಕೆಂದರೆ ಔಷಧಿ ಕೊಡುವ ಕೆಲಸವನ್ನು ಕೀಳು ಅಂತ ಎಣಿಸಿದ್ದರು. ಕೊಯ್ಯುವವನು ದೊಡ್ಡವನು, ಮೂಗಿಗೆ ಬಟ್ಟೆ ಹಿಡಿಯುವ ಕೆಲಸ ಎಳೆಯ ಡಾಕ್ಟರಿಗೋ ಓದುವ ಹುಡುಗನಿಗೋ. ಆ ಹುಡುಗನ ಕಣ್ಣು ರೋಗಿಯ ಮುಖದ ಮೇಲೆ ಇರುತ್ತಿರಲಿಲ್ಲ, ಸರ್ಜನ್‌ನ ಕೈ ಮೇಲೆ ಇರುತ್ತಿತ್ತು. ಕಲಿಯಬೇಕಾದ ವಿದ್ಯೆ ಅಲ್ಲಿದೆ ಅಂತ ಅವನ ಲೆಕ್ಕ.

ಹಾಗಾಗಿ ಕೆಲವು ಸರ್ಜನ್‌ಗಳು ಈ ಕೆಲಸವನ್ನು ದಾದಿಯರ ಕೈಗೆ ಕೊಟ್ಟರು. ಗೌರವದಿಂದ ಕೊಟ್ಟದ್ದಲ್ಲ. ಹೆಂಗಸು ಕಡಿಮೆ ಸಂಬಳಕ್ಕೆ ದುಡಿಯುತ್ತಾಳೆ, ಸರ್ಜನ್ ಆಗುವ ಆಸೆ ಇಟ್ಟುಕೊಳ್ಳುವುದಿಲ್ಲ, ರೋಗಿಯನ್ನೇ ನೋಡುತ್ತಾ ಕೂರುತ್ತಾಳೆ ಅಂತ ಕೊಟ್ಟದ್ದು. ಆದರೆ ಕೂತವರು ಬರೀ ಕೂರಲಿಲ್ಲ. ಮಿನೆಸೋಟಾ ರಾಜ್ಯದ ರಾಚೆಸ್ಟರ್ ಊರಿನಲ್ಲಿ ಮೇಯೋ ಸಹೋದರರ ಜೊತೆ 1893ರಿಂದ ಆಲಿಸ್ ಮಗಾವ್ ಎಂಬ ದಾದಿ ಅರಿವಳಿಕೆ ಕೊಡುತ್ತಿದ್ದಳು. ತಂತಿಯ ಚೌಕಟ್ಟಿಗೆ ಬಟ್ಟೆ ಹಾಸಿ ಮುಖದ ಮೇಲಿಟ್ಟು ಈಥರನ್ನು ಹನಿಹನಿಯಾಗಿ ಬಿಡುವುದು ಅವಳ ಕ್ರಮ. ಅವಸರ ಇಲ್ಲ, ಅದುಮಿ ಹಿಡಿಯುವುದಿಲ್ಲ. ಹೆದರಿದ ರೋಗಿಯ ಜೊತೆ ಮೆಲ್ಲಗೆ ಮಾತಾಡುತ್ತಾ ನಿದ್ದೆಗೆ ಇಳಿಸುವುದು. ಮಾತು ಧೈರ್ಯ ಕೊಟ್ಟಷ್ಟೂ ಔಷಧಿ ಕಡಿಮೆ ಸಾಕು ಅನ್ನುವುದನ್ನು ಅನುಭವದಿಂದ ಕಂಡುಕೊಂಡಳು.

ಅಷ್ಟೇ ಅಲ್ಲ, ಲೆಕ್ಕ ಬರೆದಿಟ್ಟಳು. 1899ರಿಂದ ತನ್ನ ಅನುಭವವನ್ನು ವೈದ್ಯಪತ್ರಿಕೆಗಳಲ್ಲಿ ಅಚ್ಚು ಹಾಕಿಸಿದಳು. 1906ರ ಲೇಖನದಲ್ಲಿ 14,000ಕ್ಕೂ ಹೆಚ್ಚು ಅರಿವಳಿಕೆಗಳ ಲೆಕ್ಕವಿದೆ. ಅಷ್ಟರಲ್ಲಿ ಅರಿವಳಿಕೆಯಿಂದಲೇ ಆಯಿತು ಅನ್ನುವ ಒಂದು ಸಾವೂ ಇಲ್ಲ. ಡಾಕ್ಟರ್ ಪದವಿ ಇಲ್ಲದ ಹೆಂಗಸೊಬ್ಬಳು ಮಾಡಿದ ಸಂಶೋಧನೆ ಇದು. ಕಮ್ಮಿ ಮಾತಲ್ಲ.

ಕೆಲಸಕ್ಕೆ ಮರ್ಯಾದೆ ಬಂತು, ದುಡ್ಡು ಬಂತು. ಆಗ ಏನಾಯಿತು? ಇದು ಡಾಕ್ಟರರ ಹಕ್ಕು, ದಾದಿಯರು ಮಾಡಬಾರದು ಅಂತ ಕೋರ್ಟು ಹತ್ತಿದರು. 1917ರಲ್ಲಿ ಕೆಂಟಕಿಯಲ್ಲಿ, 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರ್ಪು ದಾದಿಯರ ಪರವಾಗಿ ಬಂತು. ಕೀಳು ಅಂದಾಗ ನಮ್ಮ ಕೈಗೆ, ಲಾಭ ಅಂದಾಗ ಅವರ ಕೈಗೆ. ಈ ನ್ಯಾಯ ನಮಗೆ ಹೊಸದಲ್ಲ.

ಆದರೆ ಗೆದ್ದ ದಾದಿಯರೂ ತಮ್ಮ ಕೆಳಗೊಂದು ಮೆಟ್ಟಿಲು ಇಟ್ಟುಕೊಂಡಿದ್ದರು. 1931ರಲ್ಲಿ ಹುಟ್ಟಿದ ಅವರ ಸಂಘಕ್ಕೆ ಕಪ್ಪು ದಾದಿಯರನ್ನು ಸೇರಿಸಿಕೊಳ್ಳಲಿಲ್ಲ. 1940ರ ದಶಕದಲ್ಲಿ ಬಾಗಿಲು ತೆರೆಯಿತು. ಶ್ರೇಣೀಕೃತ ಅಸಮಾನತೆ ಅಂತ ಬಾಬಾಸಾಹೇಬರು ಹೇಳಿದ್ದು ಇಂಥದನ್ನೇ. ತುಳಿಸಿಕೊಂಡವರೂ ತುಳಿಯಲು ಒಬ್ಬರನ್ನು ಹುಡುಕುತ್ತಾರೆ.

ಆ ಬಾಗಿಲು ದಾಟಿ ಬಂದವರಲ್ಲಿ ಗೋಲ್ಡಿ ಬ್ರಾಂಗ್‌ಮನ್ ಒಬ್ಬರು. 1958ರ ಸೆಪ್ಟೆಂಬರ್ 20ರಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಪುಸ್ತಕಕ್ಕೆ ಸಹಿ ಹಾಕುತ್ತಾ ಕೂತಿದ್ದಾಗ ಬುದ್ಧಿ ಕೆಟ್ಟಿದ್ದ ಹೆಂಗಸೊಬ್ಬಳು ಕಾಗದ ಬಿಡಿಸುವ ಚೂರಿಯನ್ನು ಎದೆಗೆ ಇರಿದಳು. ಅದರ ತುದಿ ಮಹಾಧಮನಿಯ ಹತ್ತಿರ ನಿಂತಿತ್ತು. ಸೀನಿದ್ದರೆ ಸಾಯುತ್ತಿದ್ದೆ ಅಂತ ಕಿಂಗ್ 1968ರ ತಮ್ಮ ಕೊನೆಯ ಭಾಷಣದಲ್ಲಿ ನೆನೆದರು. ಎದೆ ತೆರೆದು ಆಪರೇಷನ್ ಮಾಡುವಾಗ ರೋಗಿ ತಾನೇ ಸರಿಯಾಗಿ ಉಸಿರಾಡಲಾರ. ಉಸಿರಿನ ಚೀಲವನ್ನು ಯಾರಾದರೂ ಒತ್ತುತ್ತಿರಬೇಕು. ಹಾರ್ಲೆಮ್ ಆಸ್ಪತ್ರೆಯಲ್ಲಿ ಅಂದು ಆ ಚೀಲ ಒತ್ತಿದ್ದು ಬ್ರಾಂಗ್‌ಮನ್. ಕಿಂಗ್ ಅವರ ಉಸಿರು ಒಬ್ಬ ಕಪ್ಪು ದಾದಿಯ ಅಂಗೈಯಲ್ಲಿತ್ತು. ಒಂದು ಕಾಲಕ್ಕೆ ಕಪ್ಪು ದಾದಿಯರನ್ನು ಒಳಗೆ ಬಿಡದಿದ್ದ ಅದೇ ಸಂಘಕ್ಕೆ 1973ರಲ್ಲಿ ಅವರು ಅಧ್ಯಕ್ಷರಾದರು, ಕಪ್ಪು ಜನರಲ್ಲಿ ಮೊದಲಿಗರಾಗಿ.

ತಲೆದೆಸೆಯಲ್ಲಿ ಕೂತವರ ಬೆಲೆಯನ್ನು ಈಗ ಅಂಕಿಗಳೂ ಹೇಳುತ್ತಿವೆ. 2002ರಲ್ಲಿ ಲಿಂಡಾ ಐಕನ್ ಎಂಬ ನರ್ಸಿಂಗ್ ಸಂಶೋಧಕಿ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ 2,32,342 ಆಪರೇಷನ್ ರೋಗಿಗಳ ಲೆಕ್ಕ ತೆಗೆದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಮೂವತ್ತು ದಿನದೊಳಗೆ ರೋಗಿ ಸಾಯುವ ಸಂಭವ ನೂರಕ್ಕೆ ಏಳರಷ್ಟು ಏರುತ್ತದೆ. 2009ರಲ್ಲಿ ದೆಹಲಿಯೂ ಸೇರಿ ಎಂಟು ಊರುಗಳ ಆಸ್ಪತ್ರೆಗಳಿಂದ ಇನ್ನೊಂದು ಫಲಿತಾಂಶ ಬಂತು. ಆಪರೇಷನ್ನಿಗೆ ಮೊದಲು ಹತ್ತೊಂಬತ್ತು ಅಂಶಗಳ ಒಂದು ಪಟ್ಟಿ ಓದಬೇಕು, ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು ಕೆಲಸ ಹೇಳಬೇಕು, ಅನುಮಾನ ಬಂದರೆ ಬಾಯಿಬಿಟ್ಟು ಹೇಳಬೇಕು. ಇಷ್ಟು ಮಾಡಿದ ಮೇಲೆ ಸಾವು ನೂರಕ್ಕೆ ಒಂದೂವರೆ ಇದ್ದದ್ದು 0.8ಕ್ಕೆ ಇಳಿಯಿತು. ದೊಡ್ಡವರ ಮುಂದೆ ಬಾಯಿ ಬಿಡಬಾರದು ಅನ್ನುವ ಶಿಸ್ತು ಜನರನ್ನು ಕೊಲ್ಲುತ್ತದೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಹಳೆಯ ಸುಳ್ಳು ಮಾತ್ರ ಸತ್ತಿಲ್ಲ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಎಳೆಯ ಡಾಕ್ಟರುಗಳನ್ನೂ ಕೇಳಿದಾಗ, ಸುಮಾರು ಅರ್ಧ ಜನ ಕಪ್ಪು ಜನರ ಚರ್ಮ ದಪ್ಪ ಅನ್ನುವಂಥ ಒಂದಲ್ಲ ಒಂದು ಸುಳ್ಳನ್ನು ನಂಬಿದ್ದರು. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಅಳೆದರು.

ನಮ್ಮಲ್ಲಿ 1946ರ ಭೋರ್ ಸಮಿತಿ 43,000 ಜನಕ್ಕೆ ಒಬ್ಬ ನರ್ಸು ಅಂತ ಲೆಕ್ಕ ಕೊಟ್ಟಿತ್ತು. ಬಡತನ ಒಂದೇ ಕಾರಣವಲ್ಲ. ನೆತ್ತರು, ಕೀವು, ಮಲಮೂತ್ರ ಮುಟ್ಟುವ ಕೆಲಸ ಮೈಲಿಗೆ ಅಂತ ಮೇಲುಜಾತಿಗಳು ತಮ್ಮ ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ಎಷ್ಟೋ ಕಡೆ ಕೂಸಿನ ಹೊಕ್ಕುಳಬಳ್ಳಿ ಕತ್ತರಿಸುವ ಕೆಲಸವನ್ನು ಹೊಲಗೇರಿಯ ಹೆಂಗಸಿಗೆ ಬಿಟ್ಟು, ಆಮೇಲೆ ಅವಳನ್ನೇ ಮುಟ್ಟಬಾರದು ಅಂದರು. ಬದುಕಿಸಿದ ಕೈಗೆ ಮೈಲಿಗೆಯ ಹೆಸರು.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಸಿಮ್ಸ್ ಪ್ರತಿಮೆಯನ್ನು ಜನರ ಹೋರಾಟದಿಂದ 2018ರ ಏಪ್ರಿಲ್ 17ರಂದು ತೆಗೆದರು. 2021ರಲ್ಲಿ ಮಾಂಟ್ಗೊಮೆರಿಯಲ್ಲಿ ಅನಾರ್ಕಾ, ಬೆಟ್ಸಿ, ಲೂಸಿಯರ ಎತ್ತರದ ಪ್ರತಿಮೆಗಳು ನಿಂತವು. ಸಂತೋಷ. ಆದರೆ ನಮಗೆ ಪ್ರತಿಮೆಯಷ್ಟೇ ಸಾಲದು.

ಗೆಳೆಯರೇ, ಮೇಷ್ಟ್ರುಗಳೇ, ಮುಂದಿನ ಸಲ ತಾಲ್ಲೂಕು ಆಸ್ಪತ್ರೆಗೆ ಹೋದಾಗ ಒಂದು ಕೆಲಸ ಮಾಡಿ. ಆಪರೇಷನ್ ಆದವರ ವಾರ್ಡಿನಲ್ಲಿ ರಾತ್ರಿ ಪಾಳಿಗೆ ಎಷ್ಟು ರೋಗಿಗೆ ಒಬ್ಬ ನರ್ಸಮ್ಮ ಇದ್ದಾರೆ ಕೇಳಿ. ನೆತ್ತರಿನ ಬಟ್ಟೆ ಎತ್ತುವ ಆಯಾಗೆ ಕೈಗವಸು ಕೊಟ್ಟಿದ್ದಾರಾ, ಸಂಬಳ ಸರಿಯಾಗಿ ಬರುತ್ತಿದೆಯಾ ಕೇಳಿ. ನೋವು ಅಂದವರ ಮಾತನ್ನು ಯಾರಾದರೂ ಕಿವಿಗೆ ಹಾಕಿಕೊಂಡರಾ ಅಂತಲೂ ಕೇಳಿ. ಕೇಳಿದ್ದನ್ನು ತಾರೀಖು ಹಾಕಿ ಬರೆದಿಡಿ. ಆಲಿಸ್ ಮಗಾವ್ ಕೈಯಲ್ಲಿದ್ದದ್ದೂ ಒಂದು ಲೆಕ್ಕದ ಪುಸ್ತಕವೇ. ಅನಾರ್ಕಾ ಕೈಗೆ ಅದನ್ನೂ ಕೊಡಲಿಲ್ಲ. ನಮ್ಮ ಕೈಗೆ ಅಕ್ಷರ ಬಂದಿದೆ.